ಹೆಪ್ಪುಗಟ್ಟದ ರಕ್ತ – ಕಂತು ೯: ಗೌರಮ್ಮನ ಎಡಗಣ್ಣು

"ಬಲಗಣ್ಣು ಮುಚ್ಕೊಳ್ಳಿ ಅಮ್ಮ. ಈಗ ಹೇಳಿ, ನನ್ನ ಕೈ ಕಾಣ್ತಿದೆಯಾ?"

"ಯಾವ ಕೈಯಿ ಡಾಕ್ಟ್ರಮ್ಮ?"

ಡಾಕ್ಟರ್ ನೂರ್ ಫಾತಿಮಾ ತಮ್ಮ ಕೈಯನ್ನು ಗೌರಮ್ಮನ ಎಡಗಣ್ಣಿನ ಎದುರಿಗೇ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು. ಬೆರಳು ಮಡಿಚಿದರು, ಬಿಡಿಸಿದರು. ಕಣ್ಣು ಅದನ್ನು ಹಿಂಬಾಲಿಸಲಿಲ್ಲ.

"ಟಾರ್ಚ್ ಬಿಡ್ತಿದ್ದೀನಿ. ಬೆಳಕಾದ್ರೂ?"

"ಏನೋ ವಸಿ ಬೆಳ್ಳಗೆ ಅನ್ನುಸ್ತದೆ. ಅಷ್ಟೇಯ. ಬೆಳಿಗ್ಗೆ ಎದ್ದಾಗ ಚೆಂದಾಗೇ ಇತ್ತು ಕಣವ್ವ. ಮುಖ ತೊಳ್ಕಂಡು ಸೆರಗಲ್ಲಿ ಒರುಸ್ಕತಿದ್ದೆ, ಅಷ್ಟ್ರಲ್ಲಿ ಪರದೆ ಎಳ್ದಂಗೆ ಆಗೋಯ್ತು."

"ನೋವು?"

"ನೋವೂ ಇಲ್ಲ, ಉರೀನೂ ಇಲ್ಲ."

ಪಾಂಡವಪುರದ ಆ ನರ್ಸಿಂಗ್ ಹೋಮಿನ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಸುನಿತಾ ಇದನ್ನೆಲ್ಲ ನೋಡುತ್ತಿದ್ದಳು. ಅಕ್ಕಿಹೆಬ್ಬಾಳಿನ ಆಲೆಮನೆ ಲಿಂಗಣ್ಣನಿಗೆ ಯಾರೋ ರಕ್ತ ಕೆಡಿಸುವಂಥದ್ದು ತಿನ್ನಿಸಿದ್ದಾರೆ ಎಂದು ಆಸ್ಪತ್ರೆಯವರು ದೂರು ಕಳಿಸಿದ ಮೇಲೆ, ಇವತ್ತಿನವರೆಗೂ ಅವಳ ಅನುಮಾನವೆಲ್ಲ ಒಬ್ಬರ ಮೇಲೇ ಇತ್ತು. ಲಿಂಗಣ್ಣನ ಹೆಂಡತಿ ಗೌರಮ್ಮನ ಮೇಲೆ.

ಇವತ್ತು ಬೆಳಿಗ್ಗೆ ಅವಳು ಬಂದದ್ದೇ ಗೌರಮ್ಮನನ್ನು ಠಾಣೆಗೆ ಕರೆದೊಯ್ಯಲು. ಬಂದು ನೋಡಿದರೆ, ಗಂಡನ ಆರೈಕೆಗೆಂದು ಉಳಿದುಕೊಂಡಿದ್ದ ಗೌರಮ್ಮ ಪಕ್ಕದ ಮಂಚದಲ್ಲಿ ತಾನೇ ರೋಗಿಯಾಗಿ ಮಲಗಿದ್ದಳು.

ಆಚೆ ಮಂಚದಲ್ಲಿ ಲಿಂಗಣ್ಣ. ಎತ್ತರದ ಆಳು, ಈಗ ಹಾಸಿಗೆಗೆ ಅಂಟಿಕೊಂಡಿದ್ದ. ಬಲಗಣ್ಣಿನ ಬಿಳಿಯ ಭಾಗದಲ್ಲಿ ಬಿಳಿ ಎಂಬುದೇ ಇರಲಿಲ್ಲ, ಕೆನ್ನೀರು ತುಂಬಿದ ಹಾಗಿತ್ತು. ಸೂಜಿ ಚುಚ್ಚಿದಲ್ಲೆಲ್ಲ ತೋಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಒಸಡಿನಿಂದ ಒಸರುವ ರಕ್ತಕ್ಕೆ ಬಾಯಲ್ಲಿ ಹತ್ತಿ ಇಟ್ಟಿದ್ದರು.

ಅವನು ಆ ಹತ್ತಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಕೇಳಿದ.

"ಏನಂತೆ ಡಾಕ್ಟ್ರೆ? ಇವಳ ಕಣ್ಣು ಓಯ್ತಾ?"

ಡಾಕ್ಟರ್ ಸುನಿತಾಳ ಕಡೆ ನೋಡಿ ಹೊರಗೆ ಬನ್ನಿ ಎಂಬಂತೆ ಕತ್ತು ಆಡಿಸಿದರು.

*

ನೂರ್ ಫಾತಿಮಾರ ಕಣ್ಣಿನ ಕ್ಲಿನಿಕ್ ಇರುವುದು ಶ್ರೀರಂಗಪಟ್ಟಣದಲ್ಲಿ. ಕರೆದಾಗ ಪಾಂಡವಪುರಕ್ಕೂ ಬರುತ್ತಾರೆ. ಲಿಂಗಣ್ಣನಿಗೆ ಬಂದಿರುವುದು ಡೆಂಗಿ ಅಲ್ಲ ಎಂದು ಮೊದಲು ತಕರಾರು ತೆಗೆದವರು ಅವರೇ. ಡೆಂಗಿಯಾದರೆ ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿಯಬೇಕು. ಲಿಂಗಣ್ಣನ ಪ್ಲೇಟ್‌ಲೆಟ್ ಸರಿಯಾಗೇ ಇತ್ತು. ಆದರೂ ರಕ್ತ ನಿಲ್ಲುತ್ತಿರಲಿಲ್ಲ.

"ಗೌರಮ್ಮನ ಕಣ್ಣು ಮತ್ತೆ ಬರಲ್ಲ ಸುನಿತಾ" ಎಂದರು ಡಾಕ್ಟರ್, ಕಾರಿಡಾರಿನ ಕಿಟಕಿಯ ಹತ್ತಿರ ನಿಂತು. "ಹೊತ್ತು ಮೀರಿಹೋಗಿದೆ. ಕಣ್ಣೊಳಗಿನ ಪರದೆ ಬಾಡಿ ಬೆಳ್ಳಗಾಗಿದೆ, ನಡುವೆ ಒಂದೇ ಒಂದು ಕೆಂಪು ಚುಕ್ಕಿ. ಪರದೆಗೆ ರಕ್ತ ತರೋ ನಾಳ ಮುಚ್ಚಿಹೋದ್ರೆ ಹೀಗೇ ಕಾಣೋದು."

"ಮುಚ್ಚಿದ್ದು ಏನು?"

"ಹೆಪ್ಪುಗಟ್ಟಿದ ರಕ್ತದ ಒಂದು ಚೂರು."

"ನಾಲೆ ತೂಬಿಗೆ ಕಸ ಸಿಕ್ಕಿದ ಹಾಗೆ."

"ಹಾಗೇ. ಆದ್ರೆ ಈ ತೂಬು ದಾರದಷ್ಟು ಸಣ್ಣದು." ಡಾಕ್ಟರ್ ಕನ್ನಡಕ ತೆಗೆದು ದುಪಟ್ಟಾದ ತುದಿಯಿಂದ ಒರೆಸಿದರು. "ಆಯಮ್ಮನ ಎದೇಲಿ ಲೋಹದ ಕವಾಟ ಇದೆ ಅಂತ ನಿಮಗೆ ಗೊತ್ತು. ಮೈಸೂರಲ್ಲಿ ಆಪರೇಷನ್ ಮಾಡಿ ಹಾಕಿದ್ದು. ನಮ್ಮ ರಕ್ತಕ್ಕೆ ಲೋಹ ಅಂದ್ರೆ ಹೊರಗಿನದು. ಅದರ ಮೈಮೇಲೆ ಹೆಪ್ಪುಗಟ್ಟೋಕೆ ನೋಡ್ತಾನೇ ಇರತ್ತೆ. ಗಟ್ಟಬಾರದು ಅಂತಲೇ ದಿನಾ ಒಂದು ಮಾತ್ರೆ. ರಕ್ತ ತೆಳು ಮಾಡೋ ಮಾತ್ರೆ ಅಂತೀವಲ್ಲ, ಅದು."

"ಅದೇ ಮಾತ್ರೆ ನೋಡಿಯೇ ನಾನು ಆಯಮ್ಮನ ಮೇಲೆ ಅನುಮಾನ ಪಟ್ಟಿದ್ದು. ಗಂಡನ ಮುದ್ದೇಲಿ ದಿನಾ ಒಂದೊಂದು ಅರೆದು ಹಾಕಿದ್ರೆ ಸಾಕಲ್ವಾ?"

"ಹಾಕಿರಬಹುದು. ಆದ್ರೆ ಬೆಳಿಗ್ಗೆ ನಾವು ಆಯಮ್ಮನ ರಕ್ತವನ್ನೂ ಪರೀಕ್ಷೆ ಮಾಡಿದ್ವಿ." ಡಾಕ್ಟರ್ ದನಿ ತಗ್ಗಿಸಿದರು. "ಮಾತ್ರೆ ತಗೊಳ್ತಿರೋರ ರಕ್ತ ಅಲ್ಲ ಅದು. ಎಷ್ಟೋ ದಿನದಿಂದ ಒಂದು ಮಾತ್ರೆಯೂ ಆ ಹೊಟ್ಟೆಗೆ ಹೋಗಿಲ್ಲ."

ಕೆಳಗೆ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರೊಂದು ದಾರಿ ಬಿಡದೆ ನಿಂತಿತ್ತು, ಹಿಂದಿನ ಬಸ್ಸು ಹಾರನ್ ಒತ್ತುತ್ತಲೇ ಇತ್ತು. ಸುನಿತಾಳಿಗೆ ಅದು ಕೇಳಿಸಿದರೂ ಕೇಳಿಸಲಿಲ್ಲ.

ಒಂದೇ ಮನೆ, ಒಂದೇ ಒಲೆ. ಗಂಡನ ರಕ್ತ ಹೆಪ್ಪುಗಟ್ಟುವುದನ್ನೇ ಮರೆತಿದೆ. ಹೆಂಡತಿಯ ರಕ್ತ ಗಟ್ಟಬಾರದ ಕಡೆ ಗಟ್ಟಿದೆ.

"ಆಯಮ್ಮನಿಗೆ ಹೋಗಬೇಕಾದ ಮಾತ್ರೆ ಯಜಮಾನರಿಗೆ ಹೋಗಿದೆ" ಎಂದಳು ಸುನಿತಾ. "ಯಾರೋ ಅದಲು ಬದಲು ಮಾಡಿದ್ದಾರೆ. ಒಂದೇ ಏಟಿಗೆ ಇಬ್ಬರು."

"ಅವಸರ ಬೇಡ" ಎಂದರು ಡಾಕ್ಟರ್. "ನಾನು ಕಣ್ಣಿನವಳು. ಮೈ ಕೊಯ್ಯದೆ ರಕ್ತನಾಳ ನೋಡೋಕೆ ಸಿಗೋ ಜಾಗ ಕಣ್ಣೊಂದೇ, ಅಲ್ಲಿ ಕಂಡದ್ದನ್ನ ಹೇಳ್ತಿದ್ದೀನಿ. ಯಾರು ಮಾಡಿದ್ರು ಅನ್ನೋದು ಅಲ್ಲಿ ಕಾಣಲ್ಲ. ಆದ್ರೆ ಒಂದು ಮಾತು. ಆ ಕವಾಟದಿಂದ ಇನ್ನೊಂದು ಚೂರು ಹೊರಟು ಮಿದುಳಿಗೆ ಹೋದ್ರೆ ಮಾತು ಹೋಗತ್ತೆ, ಇಲ್ಲಾ ಜೀವ ಹೋಗತ್ತೆ. ಇಂಜೆಕ್ಷನ್ ಶುರು ಮಾಡಿದ್ದೀವಿ. ಸಂಜೆಯೊಳಗೆ ಮೈಸೂರಿಗೆ ಕಳಿಸಬೇಕು."

ಸುನಿತಾ ಮತ್ತೆ ಒಳಗೆ ಹೋದಳು.

ಕಣ್ಣು ಬರುವುದಿಲ್ಲ ಎಂಬುದನ್ನು ಡಾಕ್ಟರೇ ಗೌರಮ್ಮನಿಗೆ ತಿಳಿಸಿದರು, ಕೈ ಹಿಡಿದುಕೊಂಡು. ಗೌರಮ್ಮ ಅಳಲಿಲ್ಲ.  ಪಕ್ಕದ ಮಂಚದ ಕಡೆ ತಿರುಗಿ, "ಇವ್ರಿಗೆ ಗಂಜಿ ಕೊಟ್ರಾ?" ಎಂದಳು.

ಅತ್ತವನು ಲಿಂಗಣ್ಣ. ರಕ್ತ ತುಂಬಿದ ಕಣ್ಣಿನಿಂದ ನೀರು ಇಳಿದು ದಿಂಬಿನ ಮೇಲೆ ತಿಳಿಗೆಂಪು ಕಲೆಯಾಯಿತು.

"ನಿಮ್ಮ ಮಾತ್ರೆ ಎಲ್ಲಿಟ್ಕೊಂಡಿದ್ದೀರಿ ಗೌರಮ್ಮ?" ಸುನಿತಾ ಕೇಳಿದಳು.

"ಎಲೆಅಡಕೆ ಚೀಲ್ದಲ್ಲಿ ಅದೆ. ಯಾಕವ್ವ?"

ಚೀಲದೊಳಗೆ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ, ಕವರಿನಿಂದ ಬಿಡಿಸಿ ಹಾಕಿದ ಸಣ್ಣ ಸಣ್ಣ ಮಾತ್ರೆಗಳು. ತಿಳಿ ಹಳದಿ. ಸುನಿತಾ ಒಂದನ್ನು ಡಾಕ್ಟರ ಅಂಗೈಗೆ ಹಾಕಿದಳು.

ನೂರ್ ಫಾತಿಮಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಆ ಮಾತ್ರೆ ಅಲ್ಲ. ಆಯಮ್ಮನ ಚೀಟಿಯಲ್ಲಿರೋದು ಬಿಳೀದು, ನಡುವೆ ಗೆರೆ ಇರತ್ತೆ. ಇದು ಫೋಲಿಕ್ ಆಸಿಡ್ ಥರ ಇದೆ. ಬಸುರಿಯರಿಗೆ ಕೊಡ್ತಾರೆ, ಹೊಟ್ಟೇಲಿರೋ ಮಗುಗೆ ಒಳ್ಳೇದು ಅಂತ."



"ಮನೇಲಿ ಮಾತ್ರೆ ಕೊಡ್ತಿದ್ದದ್ದು ಯಾರು?" ಸುನಿತಾ ಗೌರಮ್ಮನನ್ನು ಕೇಳಿದಳು. ಉತ್ತರ ಬಂದದ್ದು ಲಿಂಗಣ್ಣನಿಂದ.

"ಸೊಸೆ ಕಣ್ ಮೇಡಂ. ಉಮ. ಡಬ್ಬಿಗೆ ಹಾಕಿ ಮಡಗೋದು ಅವಳೇಯ. ನಮಗೆ ಓದಾಕ್ ಬರದಿಲ್ಲ ನೋಡಿ." ಉಸಿರು ತೆಗೆದುಕೊಂಡ. "ಬಸ್ರಿ ಎಣ್ಣುಮಗ ಅದು. ಅವಳ ಮ್ಯಾಲೆ ಅನುಮಾನ ಪಡ್ಬ್ಯಾಡಿ."

ಪ್ರಶ್ನೆ ತನಗಲ್ಲದಿದ್ದರೂ ಅವನೇ ಉತ್ತರ ಕೊಟ್ಟ ಎಂಬುದನ್ನು ಸುನಿತಾ ಗಮನಿಸಿದಳು. ಗೌರಮ್ಮ ಗಂಡನ ಕಡೆ ಒಮ್ಮೆ ನೋಡಿ, ಉಳಿದಿದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡಳು.

*

ಕೃಷ್ಣರಾಜಪೇಟೆ ದಾಟಿ ಜೀಪು ಅಕ್ಕಿಹೆಬ್ಬಾಳಿನ ದಾರಿ ಹಿಡಿಯಿತು. ಜೀಪು ಓಡಿಸುತ್ತಿದ್ದ ಪೇದೆ ಕುಮಾರ್‌ಗೆ ಕುತೂಹಲ ತಡೆಯಲಾಗಲಿಲ್ಲ.

"ಸೊಸೇನೇ ಅಂತೀರಾ ಮೇಡಂ?"

"ಮಾತ್ರೆ ಅವಳದು. ಕೈ ಅವಳದು."

"ಅಂಗಾದ್ರೆ ಮುಗೀತು ಬುಡಿ."

"ಮುಗೀಲಿಲ್ಲ. ನೀನು ದಿನಾ ಒಂದೇ ಬ್ರ್ಯಾಂಡ್ ಬೀಡಿ ಸೇದ್ತೀಯ. ಒಂದಿನ ಯಾರಾದ್ರೂ ಬೇರೆ ಕೊಟ್ರೆ?"

"ಕೈಗೆ ಈಸ್ಕಂಡಾಗ್ಲೇ ಗೊತ್ತಾಗ್ತದೆ."

"ಅದೇ ನನ್ನ ತಲೆ ತಿಂತಿರೋದು" ಎಂದಳು ಸುನಿತಾ. "ಗೌರಮ್ಮನಿಗೆ ಓದೋಕೆ ಬರಲ್ಲ, ಸರಿ. ವರ್ಷಾನುಗಟ್ಟಲೆ ಬಿಳೀ ಮಾತ್ರೆ ನುಂಗಿದವರಿಗೆ ಹಳದಿ ಬಣ್ಣ ಕಾಣೋಕೆ ಓದು ಬೇಕಾ?"

ಕುಮಾರ್ ಗೇರು ಬದಲಾಯಿಸಿದ. 

ಹೇಮಾವತಿಯ ದಡದ ಕಡೆಯಿಂದ ಗಾಳಿ ಬೀಸಿದಾಗ ಮೊದಲು ಮುಟ್ಟಿದ್ದು ಬೆಲ್ಲದ ಪಾಕದ ವಾಸನೆ. ಯಜಮಾನ ಆಸ್ಪತ್ರೆಯಲ್ಲಿದ್ದರೂ ಆಲೆಮನೆ ನಿಂತಿರಲಿಲ್ಲ. ಕೊಪ್ಪರಿಗೆಯ ಪಕ್ಕದಲ್ಲಿ ಲಿಂಗಣ್ಣನ ಮಗ ಸಿದ್ದೇಶ ಪಾಕ ನೋಡುತ್ತಿದ್ದ. ಜೀಪು ಕಂಡವನೇ ಕೈ ಒರೆಸಿಕೊಳ್ಳದೆ ಬಂದ.

"ಅವ್ವುನ್ ಕಣ್ಣು ಎಂಗದೆ ಮೇಡಂ? ಪೋನಲ್ಲಿ ಏನೂ ಸರ್ಯಾಗಿ ಯೋಳ್ನಿಲ್ಲ."

"ಒಂದು ಕಣ್ಣು ಹೋಗಿದೆ ಸಿದ್ದೇಶ."

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ತಲೆ ಎತ್ತಿದಾಗ ಕಣ್ಣಲ್ಲಿ ನೀರಿಗಿಂತ ಸಿಟ್ಟು ಹೆಚ್ಚಾಗಿತ್ತು.

"ಮೊದ್ಲು ಅಪ್ಪ. ಈಗ ಅವ್ವ. ನೀವು ದಿನಾ ಬತ್ತೀರಿ, ಕೇಳ್ತೀರಿ, ಓಗ್ತೀರಿ. ಏನ್ ಕಿತ್ತಾಕಿದ್ರಿ ಮೇಡಂ?"

"ಲೇ, ಮೇಡಂ ಜೊತೆ ಸರಿಯಾಗಿ ಮಾತಾಡ್ಲಾ" ಎಂದು ಕುಮಾರ್ ಮುಂದೆ ಬಂದ. ಸುನಿತಾ ಕೈ ಅಡ್ಡ ಹಿಡಿದಳು.

"ಉಮ ಎಲ್ಲಿ?"

ಸಿದ್ದೇಶ ಎದ್ದು ನಿಂತ. "ಉಮುನ್ನ ಯಾಕೆ?"

"ಮಾತಾಡಬೇಕು."

"ಐದು ತಿಂಗಳ ಬಸ್ರಿ ಅವ್ಳೆ. ಠಾಣೆ ಗೀಣೆ ಅಂತ ಕರ್ಕಂಡೋದ್ರೆ ನಾನ್ ಸುಮ್ಕಿರಾಕಿಲ್ಲ, ಮೊದ್ಲೇ ಯೋಳಿವ್ನಿ."

"ಠಾಣೆ ಬೇಡ. ಅವಳ ಅಡಿಗೆಮನೇಲೇ ಕೂತು ಮಾತಾಡ್ತೀನಿ. ನೀನು ಇಲ್ಲೇ ಇರು. ಪಾಕ ಸೀದೀತು."

ಅವನು ಕೊಪ್ಪರಿಗೆಯ ಕಡೆಗೂ ಮನೆಯ ಕಡೆಗೂ ನೋಡುತ್ತ ನಿಂತ. ಹೆಂಡತಿಯನ್ನು ಕಾಯುವವನ ನೋಟವೋ, ಹೆಂಡತಿ ಏನು ಬಾಯಿ ಬಿಡುತ್ತಾಳೋ ಎಂದು ಹೆದರಿದವನ ನೋಟವೋ, ಸುನಿತಾಳಿಗೆ ತಿಳಿಯಲಿಲ್ಲ.

*

ಉಮ ಮೊರದಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಸಪೂರ ಹುಡುಗಿ, ಇನ್ನೂ ಇಪ್ಪತ್ತೈದು ತುಂಬಿರಲಾರದು. ಅತ್ತೆಯ ಕಣ್ಣಿನ ಸುದ್ದಿ ಕೇಳಿ ಬೆರಳುಗಳು ಸೊಪ್ಪಿನಲ್ಲೇ ನಿಂತವು.

"ಎರಡೂನಾ?"

"ಒಂದು."

"ಅಯ್ಯೋ ನಮ್ಮವ್ವ" ಎಂದಳು ಉಮ. ಅದು ಅತ್ತೆಗೆ ಹೇಳಿದ್ದೋ, ದೇವರಿಗೆ ಹೇಳಿದ್ದೋ.

ಸುನಿತಾ ಮಣೆ ಎಳೆದುಕೊಂಡು ಎದುರಿಗೆ ಕುಳಿತಳು.

"ನಿಮ್ಮತ್ತೆಗೆ ಮಾತ್ರೆ ಕೊಡ್ತಿದ್ದದ್ದು ನೀನು."

"ಊಂ ಮೇಡಂ."

"ತಪ್ಪದೆ?"

"ಒಂದಿನಾನೂ ತಪ್ಸಿಲ್ಲ."

"ಮತ್ತೆ ಅವರ ರಕ್ತದಲ್ಲಿ ಆ ಮಾತ್ರೆ ಯಾಕಿಲ್ಲ?"

ಉಮ ಮೊರವನ್ನು ಪಕ್ಕಕ್ಕೆ ಸರಿಸಿದಳು. ಉತ್ತರ ಮೊದಲೇ ಯೋಚಿಸಿಟ್ಟುಕೊಂಡವಳ ಹಾಗೆ ಬೇಗ ಬಂತು. "ಸೊಪ್ಪು ಜಾಸ್ತಿ ತಿಂದ್ರೆ ಆ ಮಾತ್ರೆ ಕೆಲ್ಸ ಮಾಡಾಕಿಲ್ಲ ಅಂತ ಆಸ್ಪತ್ರೇಲಿ ಯೋಳಿದ್ರು ಮೇಡಂ. ಅತ್ತೆಗೆ ಸೊಪ್ಪು ಅಂದ್ರೆ ಪ್ರಾಣ. ಬ್ಯಾಡ ಅಂದ್ರೂ ಬಸ್ಸಾರು, ಮಸ್ಸೊಪ್ಪು…"

"ಅದು ನಿಜ. ಸೊಪ್ಪು ತಿಂದ್ರೆ ಮಾತ್ರೆ ಬಲ ಕಮ್ಮಿಯಾಗತ್ತೆ." ಸುನಿತಾ ಜೇಬಿನಿಂದ ಪುಟ್ಟ ಪ್ಲಾಸ್ಟಿಕ್ ಕವರು ತೆಗೆದು ನೆಲದ ಮೇಲಿಟ್ಟಳು. "ಆದ್ರೆ ಬಿಳೀ ಮಾತ್ರೆ ಹಳದಿ ಆಗಲ್ಲ."

ಕವರಿನೊಳಗಿನ ಮಾತ್ರೆಯನ್ನು ಉಮ ನೋಡಿದಳು. ನೋಡಿ, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು.

"ಇದು ನಿಂದು."

ಉಮ ತಲೆ ತಗ್ಗಿಸಿದಳು.

"ನಿನ್ನ ಮಾವನ ಮೈಯಿಂದ ರಕ್ತ ಸೋರ್ತಿದೆ. ನಿನ್ನ ಅತ್ತೆಯ ಕಣ್ಣು ಹೋಗಿದೆ, ಇವತ್ತೋ ನಾಳೆಯೋ ಜೀವ ಹೋಗಬಹುದು. ಇಬ್ಬರಿಗೂ ಊಟ ಬಡಿಸಿದವಳು ನೀನು, ಮಾತ್ರೆ ಬದಲಾಯಿಸಿದವಳು ನೀನು. ಅತ್ತೆಯ ಮಾತ್ರೆ ತೆಗೆದು ಮಾವನ ಮುದ್ದೆಗೆ ಹಾಕಿದ್ಯಾ?"

"ಇಲ್ಲ ಮೇಡಂ! ಈ ಮಗೀನಾಣೆ ಇಲ್ಲ!"

"ಆಣೆ ಬೇಡ. ಮಾತ್ರೆ ಎಲ್ಲಿ ಹೋಯ್ತು ಹೇಳು."

"ಅತ್ತೆ ಮಾತ್ರೆ ಎಲ್ಲಾನೂ ಕವರ್ ಸಮೇತ ಅಟ್ಟದ ಮೇಲೆ ರಾಗಿ ಮಡಿಕೇಲವೆ. ಒಂದೂ ಎತ್ತಿಲ್ಲ. ಬೇಕಾದ್ರೆ ನೋಡಿ."

ಸುನಿತಾ ಬಾಗಿಲಲ್ಲಿದ್ದ ಕುಮಾರ್‌ಗೆ ಸನ್ನೆ ಮಾಡಿದಳು. ಅವನು ಅಟ್ಟ ಹತ್ತಿ, ಮಡಕೆಯೊಳಗಿಂದ ಹಳೆಯ ಸೀರೆ ತುಂಡಿನ ಗಂಟೊಂದನ್ನು ತಂದ. ಒಳಗೆ ಬಿಳೀ ಮಾತ್ರೆಗಳು, ಅವು ಬಂದ ಕವರುಗಳಲ್ಲೇ ಇದ್ದವು. ಒಂದೂ ಒಡೆದಿರಲಿಲ್ಲ.

ಸುನಿತಾ ಅವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಬೆಳಗಿನಿಂದ ಕಟ್ಟಿಕೊಂಡು ಬಂದ ಲೆಕ್ಕವೆಲ್ಲ ಆ ಗಂಟಿನಲ್ಲಿ ಬಿಚ್ಚಿಹೋಗಿತ್ತು. ಗೌರಮ್ಮನಿಗೆ ಹೋಗದ ಮಾತ್ರೆ ಲಿಂಗಣ್ಣನಿಗೂ ಹೋಗಿರಲಿಲ್ಲ.

ಇದು ಉಮ ಹೂಡಿದ ಆಟ ಆಗಿದ್ದರೆ? ಇವು ಬೇರೆ ಕೊಂಡು ತಂದು ಇಟ್ಟ ಮಾತ್ರೆಗಳಾಗಿದ್ದರೆ?

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನೂರ್ ಫಾತಿಮಾ.

"ಸುನಿತಾ, ನಿಮ್ಮ ಲೆಕ್ಕ ತಪ್ಪು" ಎಂದರು ಡಾಕ್ಟರ್, ಪೀಠಿಕೆಯಿಲ್ಲದೆ. "ಲಿಂಗಣ್ಣನವರಿಗೆ ಮೊನ್ನೆ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ವಿ. ನಿನ್ನೆ ರಕ್ತ ಸರಿಹೋಗಿತ್ತು. ಈಗ ಮತ್ತೆ ನೀರಾಗಿದೆ."

"ಅಂದ್ರೆ ಆಸ್ಪತ್ರೇಲೇ ಯಾರೋ ಮತ್ತೆ ಕೊಟ್ರಾ?"

"ಕೊಡಬೇಕಾಗಿಲ್ಲ. ಅದೇ ನಾನು ಹೇಳೋಕೆ ಹೊರಟಿದ್ದು. ಕೇಳಿ. ರಕ್ತ ಹೆಪ್ಪುಗಟ್ಟೋಕೆ ಬೇಕಾದ್ದನ್ನ ಲಿವರ್ ತಯಾರು ಮಾಡತ್ತೆ. ಹಾಲಿಗೆ ಹೆಪ್ಪು ಹಾಕ್ತೀವಲ್ಲ, ಹಾಗೆ ಅನ್ಕೊಳ್ಳಿ. ಆ ಹೆಪ್ಪು ತಯಾರಾಗೋಕೆ ವಿಟಮಿನ್ ಕೆ ಬೇಕು. ಗೌರಮ್ಮನವರ ಮಾತ್ರೆ ಅದನ್ನೇ ತಡೆಯೋದು. ಆದ್ರೆ ಆ ಮಾತ್ರೆ ಕೆಲವು ದಿನಕ್ಕೆ ಮೈಯಿಂದ ಹೊರಟುಹೋಗತ್ತೆ. ಒಂದು ಸಲ ಇಂಜೆಕ್ಷನ್ ಕೊಟ್ರೆ ಸೋತುಹೋಗತ್ತೆ. ಇದು ಸೋಲ್ತಿಲ್ಲ. ಲಿವರ್‌ನಲ್ಲೇ ಮನೆ ಮಾಡ್ಕೊಂಡು ಕೂತಿದೆ, ಇಂಜೆಕ್ಷನ್ ಇಳಿದ ಹಾಗೆ ಮತ್ತೆ ಏಳ್ತಿದೆ. ಮಾತ್ರೆಯ ದಾಯಾದಿ ಇದು. ಅದಕ್ಕಿಂತ ನೂರು ಪಾಲು ಮೊಂಡು."

"ಏನದು?"

"ಗದ್ದೇಲಿ ಇಲಿಗೆ ಇಡ್ತಾರಲ್ಲ, ವಿಷದ ಬಿಲ್ಲೆ. ತಿಂದ ತಕ್ಷಣ ಸಾಯಲ್ಲ. ಇರೋ ಹೆಪ್ಪು ಖರ್ಚಾಗೋವರೆಗೂ ಏನೂ ಗೊತ್ತಾಗಲ್ಲ. ಆಮೇಲೆ ರಕ್ತ. ತಿಂಗಳುಗಟ್ಟಲೆ ಮೈಯಲ್ಲಿರತ್ತೆ. ಲ್ಯಾಬಿನವರು ಖಚಿತ ಮಾಡಬೇಕು, ಆದ್ರೆ ನನಗೆ ಅನುಮಾನ ಉಳಿದಿಲ್ಲ."

"ಹಾಗಾದ್ರೆ ಇದು ಒಂದು ಕೇಸಲ್ಲ."

"ಎರಡು" ಎಂದರು ಡಾಕ್ಟರ್. "ಆಯಮ್ಮನ ಕಣ್ಣಿಗೂ ಯಜಮಾನರ ರಕ್ತಕ್ಕೂ ಒಂದೇ ಕೈ ಕಾರಣ ಅಂತ ಈಗ ನಾನು ಹೇಳಲಾರೆ."

ಸುನಿತಾ ಫೋನು ಜೇಬಿಗಿಟ್ಟು ಅಂಗಳಕ್ಕೆ ಬಂದಳು. ಸಿದ್ದೇಶ ಮೆಟ್ಟಿಲ ಹತ್ತಿರವೇ ಇದ್ದ, ಕದ್ದು ಕೇಳುತ್ತಿದ್ದವನ ಮುಖ ಹೊತ್ತು.

"ಆಲೆಮನೇಲಿ ಇಲಿ ಬಿಲ್ಲೆ ಎಲ್ಲಿಡ್ತೀರಿ?"

"ಇಲಿ ಬಿಲ್ಲೆನಾ?" ಅವನು ನಿಜವಾಗಿ ಬೆಪ್ಪಾದ. "ನಮ್ಮಲ್ಲಿ ಇಸ ಇಡಾಕಿಲ್ಲ ಮೇಡಂ. ಬೋನೇಯ. ಜನ ತಿನ್ನೋ ಬೆಲ್ಲ ಕಾಯ್ಸೋ ಜಾಗದಲ್ಲಿ ಇಸ ಕಾಲಿಡ್ಬಾರ್ದು ಅಂತ ಅಪ್ಪಂದು ಕಟ್ಟಪ್ಪಣೆ. ಒಂದ್ಸಲ ನಾನು ತಂದಿದ್ಕೆ ಆಳುಗಳ ಮುಂದೇನೇ ಕಪಾಳಕ್ಕೆ ಒಡ್ದಿದ್ರು. ಊರಲ್ಲಿ ಯಾರ್ನ ಬೇಕಾದ್ರೂ ಕೇಳಿ."

ಸುನಿತಾ ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುವವನು ಸಾಕ್ಷಿಗೆ ಊರನ್ನೆಲ್ಲ ಕರೆಯುವುದು ಅಪರೂಪ. ಆದರೆ ಕರೆಯುವುದೇ ಇಲ್ಲ ಎಂದಲ್ಲ.

ಅವಳು ಅಡಿಗೆಮನೆಗೆ ಮರಳಿ ಬಾಗಿಲು ಮುಂದೆ ಮಾಡಿದಳು.

"ಉಮ, ಈಗ ಬೇರೆ ಪ್ರಶ್ನೆ. ಮಾತ್ರೆ ಬದಲಾದದ್ದು ನಿಮ್ಮತ್ತೆಗೆ ಗೊತ್ತಿತ್ತು. ಗೊತ್ತಿರಲೇಬೇಕು. ಬಣ್ಣ ಕಾಣದಷ್ಟು ಅವರು ಕುರುಡಾಗಿರಲಿಲ್ಲ. ಗೊತ್ತಿದ್ದೂ ಸುಮ್ಮನೆ ನುಂಗಿದ್ರು. ಯಾಕೆ?"

ಇಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಅಳು ಈಗ ಬಂತು. ಉಮ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. ಸುನಿತಾ ಕಾದಳು. ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು.

"ಅತ್ತೆನೇ ಯೋಳಿದ್ದು ಮೇಡಂ. ನಂಗೆ ಈ ಮಾತ್ರೆ ಬ್ಯಾಡ ಕಣ್ ಮಗ, ಬೇರೆ ಏನಾರ ಹಾಕು, ನಾನು ನುಂಗೋದು ಸಿದ್ದೇಶನ ಕಣ್ಗೆ ಬೀಳ್ಬೇಕು ಅಷ್ಟೇಯ ಅಂದ್ರು. ನಾನು ಆಗಾಕಿಲ್ಲ ಅಂದೆ. ನಿನ್ ಹೊಟ್ಟೇಲಿರೋ ಮಗೀನಾಣೆ, ಯಾರ್ಗೂ ಯೋಳ್ಬ್ಯಾಡ ಅಂದ್ಬುಟ್ರು. ಆಣೆ ಮೀರಿ ಎಂಗೆ ಯೋಳ್ಲಿ?"

"ಬೇಡ ಅನ್ನೋಕೆ ಕಾರಣ?"

"ಅದು ಇಲಿಪಾಷಾಣ ಅಂತ."

ಸುನಿತಾ ಮಣೆಯ ಮೇಲೆ ನೇರವಾದಳು. ಡಾಕ್ಟರ ಬಾಯಿಂದ ಆ ಮಾತು ಹೊರಬಿದ್ದು ಇನ್ನೂ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಾಗಿರಲಿಲ್ಲ.

"ಏನಂದೆ?"

"ಆ ಬಿಳೀ ಮಾತ್ರೇನೂ ಇಲಿಪಾಷಾಣಾನೂ ಒಂದೇ ಜಾತಿ ಅಂತೆ. ಇಷ್ಟು ವರ್ಸ ಡಾಕ್ಟ್ರು ನಂಗೆ ಇಸ ತಿನ್ನುಸವ್ರೆ, ಅದ್ಕೇ ನಂಗೆ ಸುಸ್ತು ಅಂತ ಅತ್ತೆ ಅಂದ್ರು."

"ಇದು ಯಾವಾಗ? ಮಾವನಿಗೆ ರಕ್ತ ಬಂದಮೇಲಾ?"

"ಇಲ್ಲ ಮೇಡಂ. ಆಗ ಮಾವ ಗಟ್ಟಿಮುಟ್ಟಾಗಿದ್ರು. ದಿನಾ ಆಲೆಮನೆಗೆ ಓಗ್ತಿದ್ರು. ಯಾರ್ಗೂ ಏನೂ ಆಗಿರ್ನಿಲ್ಲ."

ಒಲೆಯ ಮೇಲೆ ಎಸರು ಕುದಿದು ಮುಚ್ಚಳ ತಟಪಟ ಅನ್ನತೊಡಗಿತ್ತು. ಉಮ ಏಳಲು ಹೋದಳು. ಸುನಿತಾ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು.

ಎದೆಗೆ ಕವಾಟ ಹಾಕಿಸಿಕೊಂಡ ಓದುಬರಹವಿಲ್ಲದ ಹೆಂಗಸು. ರಕ್ತದ ಮಾತ್ರೆ ಮತ್ತು ಇಲಿಯ ವಿಷ ಒಂದೇ ಕುಲದವು ಎಂಬುದು ಅವಳಾಗಿ ಅವಳಿಗೆ ಹೊಳೆಯುವ ವಿಷಯವಲ್ಲ. ಯಾರೋ ಹೇಳಿರಬೇಕು. ಯಾರು ಹೇಳಿದರೋ ಅವರಿಗೆ, ಗಂಡನ ಮೈಯಿಂದ ಮೊದಲ ಹನಿ ರಕ್ತ ಬೀಳುವ ಮೊದಲೇ, ಆ ವಿಷ ಏನು ಮಾಡುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು.

"ನಿಮ್ಮತ್ತೆಗೆ ಇದನ್ನ ಯಾರು ಹೇಳಿದ್ರು ಉಮ?"

ಉಮ ಬಾಗಿಲ ಕಡೆ ನೋಡಿದಳು. ಸಿದ್ದೇಶನ ನೆರಳು ಅದರ ಸಂದಿಯಲ್ಲಿ ಆಡುತ್ತಿತ್ತು.

"ಗಂಡನ ಹೆದರಿಕೆ ಬೇಡ. ಹೇಳು. ಸಿದ್ದೇಶನಾ?"

ಅವಳು ತಲೆ ಅಲ್ಲಾಡಿಸಿದಳು. ಅಲ್ಲ.

"ಮತ್ತೆ?"

"ಮಾವ" ಎಂದಳು ಉಮ, ಪಿಸುಮಾತಿನಲ್ಲಿ.

"ಯಾವ ಮಾವ?"

"ನಮ್ಮ ಮಾವ್ನೋರೇಯ ಮೇಡಂ. ನಾಗಮಂಗಲಕ್ಕೆ ಓಗಿ ಬಂದವ್ರು ಒಂದು ಬಿಲ್ಲೆ ತಂದು, ಅತ್ತೆ ಮಾತ್ರೆ ಪಕ್ಕದಲ್ಲಿ ಮಡಗಿ ತೋರ್ಸಿದ್ರು. ನೀಲಿ ಬಣ್ಣದ್ದು. ನಾನು ಹಾಲು ಕೊಡಾಕೆ ಓದಾಗ ನೋಡ್ದೆ. ಎರಡೂ ಒಂದೇ ಕಣಮ್ಮಿ, ಇನ್ ಮ್ಯಾಲೆ ಇದನ್ನ ನುಂಗ್ಬ್ಯಾಡ, ಡಾಕ್ಟ್ರು ಮಾತು ಕೇಳ್ಬ್ಯಾಡ ಅಂದ್ರು. ಅತ್ತೆ ಅಳ್ತಾ ಕೂತಿದ್ರು."

"ಆ ಬಿಲ್ಲೆ ಏನಾಯ್ತು?"

"ಗೊತ್ತಿಲ್ಲ. ಮಾರ್ನೆ ದಿನ ಕಸ ಗುಡ್ಸುವಾಗ ನೋಡ್ದೆ. ಅಲ್ಲಿರ್ನಿಲ್ಲ."

ಸುನಿತಾ ಎದ್ದಳು. ಆಲೆಮನೆಯಲ್ಲಿ ವಿಷ ಕಂಡರೆ ಮಗನ ಕಪಾಳಕ್ಕೆ ಹೊಡೆಯುವ ಮನುಷ್ಯ ತಾನೇ ವಿಷ ಕೊಂಡು ಮಲಗುವ ಕೋಣೆಗೆ ತಂದಿದ್ದ. ಎಲ್ಲೋ ಕೇಳಿದ ಅರ್ಧ ಮಾತು ನಂಬಿ, ಹೆಂಡತಿಯ ಮೇಲಿನ ಪ್ರೀತಿಗೆ ಹಾಗೆ ಮಾಡಿದನೇ? ಅಥವಾ ಕೈಗೆ ರಕ್ತ ಅಂಟದ ಹಾಗೆ ಹೆಂಡತಿಯನ್ನು ಕೊಲ್ಲಲು ಇದಕ್ಕಿಂತ ಸುಲಭದ ದಾರಿ ಇಲ್ಲವೆಂದು ತಿಳಿದೇ ಮಾಡಿದನೇ? ಮತ್ತು ಅದೇ ಬಿಲ್ಲೆ ಅವನ ಹೊಟ್ಟೆಗೆ ಹೋದದ್ದು ಯಾರ ಕೈಯಿಂದ? ಅವನ ಮನಸ್ಸಿನಲ್ಲಿದ್ದುದನ್ನು ಗೌರಮ್ಮ ಯಾವ ದಿನ ಓದಿಕೊಂಡಳು?

ಅವರಿಬ್ಬರೂ ಈಗ ಒಂದೇ ಕೋಣೆಯಲ್ಲಿದ್ದರು. ನಡುವೆ ಒಂದು ಸ್ಟೂಲು, ಅದರ ಮೇಲೆ ಗಂಜಿಯ ಲೋಟ.

ಸುನಿತಾ ಫೋನು ಮಾಡಿದಳು. ಅತ್ತ ಕಡೆ ನೂರ್ ಫಾತಿಮಾ ಎತ್ತಿದರು.

"ಡಾಕ್ಟ್ರೆ, ಆ ಗಂಡಹೆಂಡತೀನ ಈಗಿಂದೀಗಲೇ ಬೇರೆ ಬೇರೆ ಕೋಣೆಗೆ ಹಾಕಿ. ಒಬ್ಬರ ಕೈಯಿಂದ ಇನ್ನೊಬ್ಬರು ಒಂದು ಗುಟುಕು ನೀರೂ ಕುಡೀಬಾರದು. ಬಾಗಿಲಿಗೆ ನಮ್ಮವರನ್ನ ಕಳಿಸ್ತೀನಿ."

"ಆಗಲಿ" ಎಂದರು ಡಾಕ್ಟರ್.  "ಆದ್ರೆ ಒಂದು ಹೇಳಿ ಸುನಿತಾ. ನಾನು ಕಾಪಾಡಬೇಕಾಗಿರೋದು ಯಾರನ್ನ, ಯಾರಿಂದ?"

ಸುನಿತಾ ಜೀಪು ತಿರುಗಿಸಲು ಕುಮಾರ್‌ಗೆ ಸನ್ನೆ ಮಾಡಿದಳು.